ಸೆಕೆಂಡಿನ ಲೆಕ್ಕ, ಕುದುರೆಯ ಓಟ

— ನಿನ್ನ ಶೀಟಿನಲ್ಲಿ ಮೊದಲ ಕಾಲಂ ಯಾವುದು?

— ಕುದುರೆಯ ಹೆಸರು ಮಾವ. ಎರಡನೆಯದು ದೂರ, ಮೂರನೆಯದು ಸಮಯ.

— ಸಮಯ ಅಂದರೆ ಗೆದ್ದ ಕುದುರೆಯದೋ, ಓಡಿದ ಎಲ್ಲದರದ್ದೋ?

— ಪತ್ರಿಕೆಯ ಫಲಿತಾಂಶದಲ್ಲಿ ಬರುವುದು ಗೆದ್ದದ್ದರ ಸಮಯ. ಹಿಂದೆ ಬಂದವುಗಳ ಅಂತರವನ್ನು ಲೆಂಗ್ತ್‌ಗಳಲ್ಲಿ ಕೊಟ್ಟಿರುತ್ತಾರೆ. ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ, ಹೆಚ್ಚುಕಡಿಮೆ 2.4 ಮೀಟರ್. ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ಓಡುವ ಕುದುರೆಗೆ ಅಷ್ಟು ದೂರ ದಾಟಲು 0.15 ಸೆಕೆಂಡ್ ಬೇಕು. ಎರಡು ಲೆಂಗ್ತ್ ಹಿಂದೆ ಬಂದಿದ್ದರೆ ಗೆದ್ದ ಕುದುರೆಯ ಸಮಯಕ್ಕೆ 0.30 ಕೂಡಿಸಿದರಾಯಿತು. ಹೀಗೆ ಒಂದು ರೇಸಿನಲ್ಲಿ ಓಡಿದ ಹತ್ತೂ ಕುದುರೆಗಳಿಗೆ ಸಮಯ ಸಿಗುತ್ತದೆ.

— ಸಿಕ್ಕಿತು. ಒಂದು ಶನಿವಾರ 1200 ಮೀಟರ್ ಅನ್ನು 72.8 ಸೆಕೆಂಡಿನಲ್ಲಿ ಗೆದ್ದ ಕುದುರೆ ಒಂದಿದೆ ಎಂದುಕೋ. ಮಾರನೆಯ ವಾರ ಅದೇ ದೂರವನ್ನು 74.2 ಸೆಕೆಂಡಿನಲ್ಲಿ ಗೆದ್ದದ್ದು ಇನ್ನೊಂದಿದೆ. ಎರಡೂ ಈಗ ಒಂದೇ ರೇಸಿಗೆ ಬಂದರೆ ಯಾವುದು ಮೇಲು?

— ಅದನ್ನು ಸಮಯ ನೋಡಿ ಹೇಳಲಾಗದು. ಮೊದಲನೆಯ ದಿನ ಟ್ರ್ಯಾಕ್ ಹೇಗಿತ್ತು, ಎರಡನೆಯ ದಿನ ಹೇಗಿತ್ತು ಎಂದು ಗೊತ್ತಾಗಬೇಕು.

— ಸರಿ. ಇದೇ ಮಾತನ್ನು ಕನ್ನಡ ನಾಡಿನಲ್ಲಿ ಎಲ್ಲರೂ ಒಮ್ಮೆ ಮರೆತಿದ್ದರು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರ್ ಅನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು, 100 ಮೀಟರ್‌ಗೆ 9.55 ಬಂತು. ಉಸೇನ್ ಬೋಲ್ಟ್‌ನ ದಾಖಲೆ 9.58. ದೇಶವಿಡೀ ಹೋಲಿಕೆ ಶುರುವಾಯಿತು. ಗೌಡರ ಓಟ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಸರುಗದ್ದೆ ಬೇರೆ, ಸಿಂಥೆಟಿಕ್ ಟ್ರ್ಯಾಕ್ ಬೇರೆ. ಕೋಣಗಳ ಎಳೆತ ಒಂದು ಕಡೆ, ಸ್ಟಾರ್ಟಿಂಗ್ ಬ್ಲಾಕಿನಿಂದ ನಿಂತ ನಿಲುವಿನಲ್ಲೇ ಜಿಗಿಯುವುದು ಇನ್ನೊಂದು ಕಡೆ. ಕಂಬಳದಿಂದ ಕಂಬಳಕ್ಕೇ ಕರೆಯ, ಅಂದರೆ ಓಟದ ಗದ್ದೆಯ, ಉದ್ದ ಬೇರೆ, ನೀರು ಬೇರೆ. ಎರಡು ಗಡಿಯಾರಗಳೂ ಸತ್ಯ ಹೇಳಿದವು, ಆದರೆ ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದು ತಪ್ಪು.

— ಸ್ಪೀಡ್ ರೇಟಿಂಗ್ ಹುಟ್ಟಿದ್ದೇ ಅದಕ್ಕಲ್ಲವೇ? ಬೇರೆ ಬೇರೆ ದಿನದ, ಬೇರೆ ಬೇರೆ ದೂರದ ಓಟಗಳನ್ನು ಒಂದೇ ಅಳತೆಗೆ ತರುವುದಕ್ಕೆ.

— ಅದಕ್ಕೇ. ಇಂಗ್ಲೆಂಡಿನಲ್ಲಿ ಫಿಲ್ ಬುಲ್ ಎಂಬ ಗಣಿತದ ಮೇಷ್ಟರು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಲ್ಲೇ ಈ ಲೆಕ್ಕ ಹಾಕಿ, 1948ರಲ್ಲಿ ಟೈಮ್‌ಫಾರ್ಮ್ ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ ಆಂಡ್ರ್ಯೂ ಬೇಯರ್ ಎಂಬ ಪತ್ರಕರ್ತ 1975ರಲ್ಲಿ ಪುಸ್ತಕ ಬರೆದು ತನ್ನ ವಿಧಾನವನ್ನೆಲ್ಲ ಬಿಚ್ಚಿಟ್ಟ. ಅವನ ಅಂಕಗಳು 1992ರಿಂದ ಅಲ್ಲಿನ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆಯಲ್ಲೇ ಅಚ್ಚಾಗತೊಡಗಿದವು. ಬೇಯರ್ ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಮಾತು: ಎಲ್ಲ ದೂರದಲ್ಲೂ ಸೆಕೆಂಡಿನ ಬೆಲೆ ಒಂದೇ ಅಲ್ಲ. 73 ಸೆಕೆಂಡಿನ ಓಟದಲ್ಲಿ ಒಂದು ಸೆಕೆಂಡ್ ತಡವಾದರೆ ನೂರಕ್ಕೆ 1.4ರಷ್ಟು ಹಿಂದೆ ಬಿದ್ದ ಹಾಗೆ. 2000 ಮೀಟರ್‌ನ 125 ಸೆಕೆಂಡಿನ ಓಟದಲ್ಲಿ ಅದೇ ಒಂದು ಸೆಕೆಂಡ್ ನೂರಕ್ಕೆ 0.8 ಮಾತ್ರ. ಶೀಟಿನಲ್ಲಿ ಸೆಕೆಂಡುಗಳನ್ನು ಹಾಗೇ ಕಳೆದು ಕೂಡುತ್ತಾ ಹೋದರೆ ಉದ್ದದ ಓಟದ ಕುದುರೆಗಳಿಗೆಲ್ಲ ಅನ್ಯಾಯವಾಗುತ್ತದೆ.

— ನಾನು ಪ್ರತಿಶತದಲ್ಲೇ ಮಾಡಿದ್ದೇನೆ. ಪ್ರತಿ ದೂರಕ್ಕೂ ಪ್ರತಿ ದರ್ಜೆಗೂ ಒಂದು ಪಾರ್ ಟೈಮ್, ಅಂದರೆ ಆ ದರ್ಜೆಯ ಕುದುರೆಗಳು ಸಾಮಾನ್ಯವಾಗಿ ಗೆಲ್ಲುವ ಸಮಯ. ಅದಕ್ಕಿಂತ ಎಷ್ಟು ಪ್ರತಿಶತ ಹಿಂದೆ, ಎಷ್ಟು ಮುಂದೆ ಎಂದು ನೋಡುತ್ತೇನೆ. ಒಂದು ಪ್ರತಿಶತಕ್ಕೆ 10 ಅಂಕ, ಪಾರ್‌ಗೆ ಸರಿಯಾಗಿ ಓಡಿದರೆ 100. ನೀವು ಹೇಳಿದ ಎರಡು ಕುದುರೆಗಳನ್ನೇ ತೆಗೆದುಕೊಳ್ಳಿ, ಪಾರ್ 73 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಮೊದಲನೆಯದು ಪಾರ್‌ಗಿಂತ 0.27 ಪ್ರತಿಶತ ಚುರುಕು. ಎರಡನೆಯದು 1.64 ಪ್ರತಿಶತ ನಿಧಾನ. ಗಡಿಯಾರ ಹೇಳುವ ಪ್ರಕಾರ ಮೊದಲನೆಯದು ಒಂಬತ್ತು ಲೆಂಗ್ತ್‌ಗೂ ಹೆಚ್ಚು ಮೇಲು. ಈಗ ಅದೇ ದಿನದ ಉಳಿದ ರೇಸುಗಳನ್ನು ನೋಡಬೇಕು. ಮೊದಲ ದಿನ ಒಣ ನೆಲ, ಎಲ್ಲ ರೇಸೂ ಸರಾಸರಿ ಅರ್ಧ ಪ್ರತಿಶತ ಚುರುಕಾಗಿ ಓಡಿವೆ. ಎರಡನೆಯ ದಿನ ಮಳೆ, ಎಲ್ಲವೂ ಎರಡು ಪ್ರತಿಶತ ನಿಧಾನ. ಆ ದಿನದ ಗುಣವನ್ನು ಕಳೆದರೆ ಮೊದಲನೆಯದಕ್ಕೆ 97.7, ಎರಡನೆಯದಕ್ಕೆ 103.6. ನಿಧಾನವಾಗಿ ಓಡಿದಂತೆ ಕಂಡ ಕುದುರೆಯೇ ಸುಮಾರು ಮೂರು ಲೆಂಗ್ತ್ ಮೇಲು!

— ಪರೀಕ್ಷೆಯಲ್ಲೂ ಹಾಗೇ ಅಲ್ಲವೇ, ಕಷ್ಟದ ಪೇಪರಿನಲ್ಲಿ 60 ತೆಗೆದವನು ಸುಲಭದ ಪೇಪರಿನಲ್ಲಿ 75 ತೆಗೆದವನಿಗಿಂತ ಜಾಣನಿರಬಹುದು. ಆದರೆ ನೀನು ಸರಾಸರಿ ಎಂದೆಯಲ್ಲ, ಅಲ್ಲಿ ಎಚ್ಚರ ಬೇಕು.

— ಬಾಯಿಮಾತಿಗೆ ಹಾಗಂದೆ, ಶೀಟಿನಲ್ಲಿ ತೆಗೆದುಕೊಂಡಿರುವುದು ಮಧ್ಯಾಂಕ. ದಿನದ ಏಳೆಂಟು ರೇಸುಗಳಲ್ಲಿ ಒಂದರಲ್ಲಿ ಜಾಕಿಗಳೆಲ್ಲ ಲಗಾಮು ಹಿಡಿದು ತೆವಳಿಕೊಂಡು ಹೋಗಿ, ಕೊನೆಯ 400 ಮೀಟರ್‌ನಲ್ಲಿ ಮಾತ್ರ ಬಿಟ್ಟಿದ್ದರೆ ಆ ಸಮಯ ವಿಪರೀತ ನಿಧಾನವಾಗಿರುತ್ತದೆ. ಸರಾಸರಿ ತೆಗೆದರೆ ಆ ಒಂದೇ ರೇಸು ಇಡೀ ದಿನದ ಲೆಕ್ಕ ಕೆಡಿಸುತ್ತದೆ. ಮಧ್ಯಾಂಕಕ್ಕೆ ಅದರ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ.

— ಆ ನಿಧಾನದ ರೇಸಿನಲ್ಲಿ ಗೆದ್ದ ಕುದುರೆಗೆ ಏನು ಅಂಕ ಕೊಟ್ಟೆ?

— 88 ಬಂತು.

— ಆ 88ಕ್ಕೆ ಏನು ಅರ್ಥ? ಆ ಕುದುರೆಯ ಶಕ್ತಿ ಅಷ್ಟೇ ಎಂದಲ್ಲ. ಅದಕ್ಕೆ ಅವತ್ತು ಅದಕ್ಕಿಂತ ಬೇಗ ಓಡುವ ಅಗತ್ಯವೇ ಬೀಳಲಿಲ್ಲ ಎಂದಷ್ಟೇ. ನನ್ನ ಪ್ರಕಾರ ವೇಗದ ಅಂಕವನ್ನು ಓದುವ ಕ್ರಮವೇ ಇದು. ಅಂಕ ಹೆಚ್ಚಿದ್ದರೆ ಗಟ್ಟಿಯಾಗಿ ನಂಬು, ಏಕೆಂದರೆ ಕೈಲಾಗದ ವೇಗದಲ್ಲಿ ಯಾವ ಕುದುರೆಯೂ ಓಡಲಾರದು. ಅಂಕ ಕಡಿಮೆಯಿದ್ದರೆ ಮಾತ್ರ ಕಾರಣ ಹುಡುಕು. ನಿನ್ನ ಶೀಟು ಎರಡನ್ನೂ ಒಂದೇ ತೂಕದಲ್ಲಿ ಕೂಡಿಸಿ ಭಾಗಿಸಿದರೆ ಗಡಿಯಾರ ಕೊಟ್ಟ ಒಳ್ಳೆಯ ಸುದ್ದಿ ಕೆಟ್ಟ ಸುದ್ದಿಯಲ್ಲಿ ಕರಗಿ ಹೋಗುತ್ತದೆ.

— ಹಾಗಾದರೆ ಕೊನೆಯ 400 ಮೀಟರ್‌ನ ಸಮಯವನ್ನೂ ಬೇರೆ ಕಾಲಂನಲ್ಲಿ ಇಡಬೇಕು. ನಿಧಾನದ ರೇಸಿನಲ್ಲಿ ಕೊನೆಗೆ ಎಷ್ಟು ಚುರುಕಾಗಿ ಮುಗಿಸಿತು ಎಂಬುದು ಗೊತ್ತಾದರೆ 88ರ ಹಿಂದಿನ ಕಥೆ ತಿಳಿಯುತ್ತದೆ.

— ಇಡು. ಫಾಲ್ಸ್ ರೈಲಿಗೂ ಒಂದು ಕಾಲಂ ಬೇಕು. ಒಳಗಿನ ಬೇಲಿಯ ಪಕ್ಕದ ಹುಲ್ಲು ತುಳಿದು ತುಳಿದು ಹಾಳಾದಾಗ ಅದು ಚಿಗುರಲಿ ಎಂದು ತಾತ್ಕಾಲಿಕ ಬೇಲಿಯನ್ನು ಐದಾರು ಮೀಟರ್ ಹೊರಗೆ ಹಾಕುತ್ತಾರೆ. ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಬರುವ ವಿಷಯ, ಬಹಳ ಜನ ಓದುವುದೇ ಇಲ್ಲ. ಲೆಕ್ಕ ಮಾಡಿ ನೋಡು. ತಿರುವು ಅರ್ಧ ವೃತ್ತ ಎಂದುಕೊಂಡರೆ, ಬೇಲಿ 5 ಮೀಟರ್ ಹೊರಬಂದಾಗ ಓಡಬೇಕಾದ ದೂರ ಎಷ್ಟು ಹೆಚ್ಚಿತು?

— ಐದನ್ನು 3.14ರಿಂದ ಗುಣಿಸಬೇಕು. 15.7 ಮೀಟರ್.

— ಅಂದರೆ ಹೆಚ್ಚುಕಡಿಮೆ ಒಂದು ಸೆಕೆಂಡ್, ಆರಕ್ಕೂ ಹೆಚ್ಚು ಲೆಂಗ್ತ್. ಗೇಟು ನಿಲ್ಲಿಸುವ ಜಾಗವನ್ನು ಅದಕ್ಕೆ ತಕ್ಕಂತೆ ಬದಲಿಸದಿದ್ದರೆ 1200 ಮೀಟರ್ ಎಂದು ಪುಸ್ತಕದಲ್ಲಿ ಬರೆದದ್ದು ನೆಲದ ಮೇಲೆ 1216 ಮೀಟರ್ ಆಗಿರುತ್ತದೆ. ಒಂದೊಂದೇ ಕುದುರೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ತಿರುವಿನುದ್ದಕ್ಕೂ ಬೇಲಿಯಿಂದ ಎರಡು ಮೀಟರ್ ಹೊರಗೆ ಓಡಿದ್ದು ಆರು ಮೀಟರ್ ಹೆಚ್ಚು ಓಡಿರುತ್ತದೆ. ಎರಡು ಲೆಂಗ್ತ್‌ನಿಂದ ಸೋತಿತು ಎಂದು ಫಲಿತಾಂಶದಲ್ಲಿ ಬರುತ್ತದೆ, ಆದರೆ ಓಡಿದ ದೂರ ನೋಡಿದರೆ ಗೆದ್ದದ್ದಕ್ಕಿಂತ ಅದೇ ಚೆನ್ನಾಗಿ ಓಡಿದೆ! ಇದು ಯಾವ ಫಲಿತಾಂಶದ ಪಟ್ಟಿಯಲ್ಲೂ ಸಿಗುವುದಿಲ್ಲ. ವಿಡಿಯೊ ಹಾಕಿಕೊಂಡು ಒಂದೊಂದೇ ಕುದುರೆಯನ್ನು ಕಣ್ಣಲ್ಲಿ ಹಿಂಬಾಲಿಸಿ ಬರೆದುಕೊಳ್ಳಬೇಕು. ಅಮೆರಿಕದಲ್ಲಿ ರಾಗೋಜಿನ್ ಶೀಟ್ಸ್ ಎಂದು ಮಾರುತ್ತಾರಲ್ಲ, ಅವರು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

— ಬೆಳಗಿನ ಟ್ರ್ಯಾಕ್ ವರ್ಕ್ ಸಮಯಗಳನ್ನು ಹಾಕಲೇ? ರೇಸಿಗೆ ಮುಂಚಿನ ದಿನಗಳಲ್ಲಿ ಪತ್ರಿಕೆಯಲ್ಲಿ ಸಾಲುಸಾಲಾಗಿ ಬರುತ್ತವೆ. 1000 ಮೀಟರ್ 1-6, ಕೊನೆಯ 600 ಮೀಟರ್ 39, ಪಕ್ಕದಲ್ಲಿ ‘ಸಲೀಸಾಗಿ ಓಡಿತು’ ಎಂಬಂಥ ಷರಾ.

— ಅವನ್ನು ಬೇರೆ ಹಾಳೆಯಲ್ಲಿಡು, ರೇಸಿನ ಸಮಯದ ಜತೆ ಬೆರೆಸಬೇಡ. ಬೆಳಗಿನ ಓಟ ನಡೆಯುವುದು ಮರಳಿನ ಟ್ರ್ಯಾಕಿನ ಮೇಲೆ, ಅದರಲ್ಲೂ ಒಳ ಮರಳು ಹೊರ ಮರಳು ಎಂದು ಎರಡು. ಮೇಲೆ ಕೂತವನು ಜಾಕಿಯೋ, ಅವನಿಗಿಂತ ಹತ್ತು ಕಿಲೊ ಹೆಚ್ಚು ತೂಗುವ ರೈಡಿಂಗ್ ಹುಡುಗನೋ ಗೊತ್ತಿಲ್ಲ. ಟ್ರೇನರ್ ಅವತ್ತು ಕುದುರೆಯನ್ನು ಬಿಡು ಎಂದನೋ ತಡೆ ಎಂದನೋ ಅದೂ ಗೊತ್ತಿಲ್ಲ. ಮೂರು ತಿಂಗಳು ಲಾಯದಲ್ಲೇ ಇದ್ದ ಕುದುರೆ ಮತ್ತೆ ಕೆಲಸಕ್ಕೆ ಬಂದಿದೆ, ಆರೋಗ್ಯವಾಗಿದೆ ಎಂದು ತಿಳಿಯುವುದಕ್ಕೆ ಅದು ಬೇಕು. ಅಂಕಕ್ಕೆ ಸೇರಿಸುವಷ್ಟು ಗಟ್ಟಿಯಾದ ಸಂಖ್ಯೆ ಅದಲ್ಲ.

— ನನಗೆ ಎಲ್ಲಕ್ಕಿಂತ ಹೆಚ್ಚು ತಲೆನೋವು ತಂದದ್ದು ಭಾರ. ಬೆನ್ನ ಮೇಲೆ ಹೆಚ್ಚು ತೂಕ ಹೊತ್ತ ಕುದುರೆ ನಿಧಾನವಾಗಬೇಕಲ್ಲವೇ? ನನ್ನ ಅಂಕಿಅಂಶ ತಿರುಗುಮುರುಗಾಗಿದೆ. ಹೆಚ್ಚು ತೂಕ ಹೊತ್ತವೇ ಹೆಚ್ಚು ಗೆಲ್ಲುತ್ತವೆ. ಶೀಟನ್ನು ನಂಬಿದರೆ ಕುದುರೆಯ ಮೇಲೆ ಇನ್ನಷ್ಟು ಸೀಸದ ತೂಕ ಹೇರಿದರೆ ಇನ್ನೂ ಬೇಗ ಓಡುತ್ತದೆ ಎನ್ನಬೇಕು.

— ತೂಕ ಹಂಚುವವನು ಯಾರು?

— ಹ್ಯಾಂಡಿಕ್ಯಾಪರ್.

— ಯಾವುದಕ್ಕೆ ಹೆಚ್ಚು ಕೊಡುತ್ತಾನೆ?

— ಹೆಚ್ಚು ಹ್ಯಾಂಡಿಕ್ಯಾಪ್ ರೇಟಿಂಗ್ ಇರುವುದಕ್ಕೆ. ಒಂದು ರೇಟಿಂಗ್ ಅಂಕಕ್ಕೆ ಅರ್ಧ ಕಿಲೊ. ರೇಟಿಂಗ್ ಅಂತರ 25 ಇರುವ ದರ್ಜೆಯಲ್ಲಿ ಮೇಲಿನ ಕುದುರೆಗೂ ಕೆಳಗಿನದಕ್ಕೂ ಹನ್ನೆರಡೂವರೆ ಕಿಲೊ ವ್ಯತ್ಯಾಸ ಬರುತ್ತದೆ. ಹೌದು, ಉತ್ತರ ಅಲ್ಲೇ ಇದೆ. ಒಳ್ಳೆಯ ಕುದುರೆ ಎಂದೇ ಅದಕ್ಕೆ ತೂಕ ಬಿದ್ದಿದೆ. ಅದು ಗೆಲ್ಲುವುದು ತನ್ನ ಗುಣದಿಂದ, ತೂಕ ಆ ಗುಣದ ಗುರುತು ಅಷ್ಟೇ. ಗುಣವನ್ನು ಬೇರೆ ಕಾಲಂನಲ್ಲಿ ಹಿಡಿಯದೆ ತೂಕವೊಂದನ್ನೇ ನೋಡಿದರೆ ಉತ್ತರ ತಲೆಕೆಳಗಾಗುತ್ತದೆ.

— ಅದೇ ಕುದುರೆ 54 ಕಿಲೊ ಹೊತ್ತಾಗ ಹೇಗೆ ಓಡಿತ್ತು, 60 ಹೊತ್ತಾಗ ಹೇಗೆ ಓಡಿತು ಎಂದು ನೋಡು. ತೂಕದ ನಿಜವಾದ ಪೆಟ್ಟು ಆಗ ಕಾಣುತ್ತದೆ. ಎಲ್ಲ ಕುದುರೆಗಳನ್ನೂ ಒಂದೇ ರಾಶಿಯಲ್ಲಿ ಸುರಿದರೆ ಕಾಣುವುದಿಲ್ಲ. ರೇಸಿಗೆ ಮಾತ್ರವಲ್ಲ, ಆಸ್ಪತ್ರೆ, ಶಾಲೆ, ಬೆಳೆ, ಎಲ್ಲ ಅಂಕಿಅಂಶಗಳಲ್ಲೂ ಈ ಗುಂಡಿ ಇದೆ. ಹೆಚ್ಚು ಔಷಧಿ ಕೊಟ್ಟ ರೋಗಿಗಳೇ ಹೆಚ್ಚು ಸತ್ತರು ಎಂದು ಪಟ್ಟಿ ಹೇಳಿದರೆ ಔಷಧಿಯನ್ನು ಬೈಯುವ ಮೊದಲು ಯಾರಿಗೆ ಹೆಚ್ಚು ಔಷಧಿ ಕೊಟ್ಟಿದ್ದರು ಎಂದು ಕೇಳಬೇಕು.

— ಸರಿ ಮಾವ, ಇವನ್ನೆಲ್ಲ ತಿದ್ದಿ ಹೋದ ಸೀಸನ್ನಿನ ರೇಸುಗಳ ಮೇಲೆ ಓಡಿಸಿದಾಗ ಫಲಿತಾಂಶ ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಬರುತ್ತದೆ. ಒಂದೊಂದು ಕಾಲಂ ಸೇರಿಸಿದಂತೆಲ್ಲ ಇನ್ನೂ ಚೆನ್ನಾಗುತ್ತದೆ.

— ನನಗೆ ಭಯವಿರುವುದು ಅಲ್ಲೇ. ಹೋದ ಸೀಸನ್ನಿಗೆ ಹೊಂದುವಂತೆ ಕಾಲಂ ಸೇರಿಸಿ, ಅದೇ ಸೀಸನ್ನಿನ ಮೇಲೆ ಪರೀಕ್ಷೆ ಮಾಡಿದರೆ ಗೆಲ್ಲದೆ ಇನ್ನೇನಾಗುತ್ತದೆ?

— ಗೊತ್ತಿದೆ. ಅದಕ್ಕೇ ಯಾವ ಕಾಲಂಗೆ ಎಷ್ಟು ಮಹತ್ವ ಎಂಬುದನ್ನು ಬೇಸಿಗೆ ಸೀಸನ್ನಿನ ರೇಸುಗಳಿಂದ ಕಂಡುಹಿಡಿದು ಚಳಿಗಾಲದ ಸೀಸನ್ನಿನ ಮೇಲೆ ಪರೀಕ್ಷಿಸುತ್ತೇನೆ. ಅಲ್ಲಿಗೆ ಬಂದಾಗ ಆ ಬೆರಗಿನಲ್ಲಿ ಬಹುಪಾಲು ಆರಿಹೋಗುತ್ತದೆ. ಸ್ವಲ್ಪ ಉಳಿಯುತ್ತದೆ, ಆ ಸ್ವಲ್ಪವೇ ನಿಜವಾದದ್ದು. ಇನ್ನೊಂದು ಕಳ್ಳದಾರಿ ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಅಪಾಯದ್ದು. ಕುದುರೆಯ ಸರಾಸರಿ ಅಂಕ ಎಂಬ ಕಾಲಂ ಇದೆಯಲ್ಲ, ಅದರ ಸೂತ್ರವನ್ನು ಇಡೀ ಪಟ್ಟಿಗೆ ಎಳೆದುಬಿಟ್ಟರೆ ಇವತ್ತಿನ ರೇಸಿನ ಅಂಕವೂ ಆ ಸರಾಸರಿಯೊಳಗೆ ನುಸುಳುತ್ತದೆ. ಗೆದ್ದ ಮೇಲೆ ಬಂದ ಅಂಕವನ್ನು ಬಳಸಿ ಗೆಲ್ಲುತ್ತದೆ ಎಂದು ಹೇಳಿದಂತಾಗುತ್ತದೆ. ರೇಸಿನ ಹಿಂದಿನ ದಿನಾಂಕದವರೆಗಿನ ಓಟಗಳನ್ನು ಮಾತ್ರ ತೆಗೆದುಕೊಳ್ಳುವಂತೆ ಸೂತ್ರ ಬರೆಯಬೇಕು. ಹ್ಯಾಂಡಿಕ್ಯಾಪ್ ರೇಟಿಂಗೂ ಅಷ್ಟೇ, ರೇಸಾದ ಮೇಲೆ ಬದಲಾದದ್ದು ನಮಗೆ ಬೇಡ, ಅದರ ಮುಂಚಿನದೇ ಬೇಕು.

— ಅದನ್ನು ಹಿಡಿದೆಯಲ್ಲ, ಅರ್ಧ ಕೆಲಸ ಮುಗಿಯಿತು. ಈಗ ಹೇಳು, ನಿನ್ನ ಶೀಟಿನಲ್ಲಿ ಮೇಲೆ ಬಂದ ಕುದುರೆ ಗೆದ್ದೇ ಗೆಲ್ಲುತ್ತದೆಯೇ?

— ಇಲ್ಲ. ಒಂದೇ ಕುದುರೆಯ ಅಂಕ ಓಟದಿಂದ ಓಟಕ್ಕೆ ಏರಿಳಿಯುತ್ತದೆ. ಒಂದರ ಸರಾಸರಿ 104, ಇನ್ನೊಂದರದು 100, ಎರಡೂ ಸಾಮಾನ್ಯವಾಗಿ ಎಂಟು ಅಂಕ ಅತ್ತಿತ್ತ ಓಲಾಡುತ್ತವೆ ಎಂದಿಟ್ಟುಕೊಳ್ಳಿ. ಎರಡೇ ಓಡಿದರೂ ಮೇಲಿನದು ಗೆಲ್ಲುವ ಸಾಧ್ಯತೆ ನೂರಕ್ಕೆ 64. ಹತ್ತು ಕುದುರೆಗಳಿದ್ದರೆ ಅದು ಇನ್ನೂ ಬಹಳ ಇಳಿಯುತ್ತದೆ. ಪ್ರತಿ ಕುದುರೆಗೂ ಅದರ ಸರಾಸರಿ ಮತ್ತು ಓಲಾಟಕ್ಕೆ ತಕ್ಕ ಹಾಗೆ ಒಂದು ಅಂಕವನ್ನು ಶೀಟೇ ಆರಿಸುವಂತೆ ಮಾಡಿ, ಅದೇ ರೇಸನ್ನು ಸಾವಿರಾರು ಸಲ ಓಡಿಸಿ, ಯಾವುದು ಎಷ್ಟು ಸಲ ಗೆದ್ದಿತು ಎಂದು ಎಣಿಸುತ್ತೇನೆ. ಹಾಗಾಗಿ ನನ್ನ ಶೀಟು ಒಂದು ಹೆಸರು ಹೇಳುವುದಿಲ್ಲ, ಪ್ರತಿ ಹೆಸರಿನ ಮುಂದೆ ಒಂದು ಸಾಧ್ಯತೆ ಬರೆಯುತ್ತದೆ.

— ಇದನ್ನು ರೇಸಿಗೆ ಹೋಗುವ ನಮ್ಮ ಜನಕ್ಕೆ ತಿಳಿಸುವುದೇ ಕಷ್ಟ. ಎಲ್ಲರಿಗೂ ಹೆಸರು ಬೇಕು. ‘ಯಾವ್ದು ಹೊಡಿಯತ್ತೆ ಹೇಳಿ ಸಾರ್’ ಎನ್ನುತ್ತಾರೆ. ನೂರಕ್ಕೆ 25 ಎಂದರೆ ಮುಖ ತಿರುಗಿಸುತ್ತಾರೆ. ಆದರೆ ಇರುವುದು ಅಷ್ಟೇ. ನೂರಕ್ಕೆ 25 ಎಂದು ಬರೆದ ಕುದುರೆ ಸೋತರೆ ಶೀಟು ತಪ್ಪು ಎಂದಲ್ಲ. ಹಾಗೆ ಬರೆದ ನಾನೂರು ಕುದುರೆಗಳಲ್ಲಿ ಸುಮಾರು ನೂರು ಗೆದ್ದವೇ ಎಂದು ನೋಡಬೇಕು.

— ಹಾಂಗ್‌ಕಾಂಗ್‌ನಲ್ಲಿ ಬಿಲ್ ಬೆಂಟರ್ ಮಾಡಿದ್ದು ಇದನ್ನೇ ಅಲ್ಲವೇ? ಲಾಸ್ ವೇಗಸ್‌ನಲ್ಲಿ ಇಸ್ಪೀಟು ಎಣಿಸುತ್ತಿದ್ದವನು, ಅಲನ್ ವುಡ್ಸ್ ಎಂಬವನ ಜತೆ 1980ರ ದಶಕದ ಮಧ್ಯದಲ್ಲಿ ಅಲ್ಲಿಗೆ ಹೋದ. 1986ರಲ್ಲಿ ಬೋಲ್ಟನ್ ಮತ್ತು ಚಾಪ್ಮನ್ ಎಂಬಿಬ್ಬರು ಸಂಶೋಧಕರು ಕುದುರೆಗಳ ಗೆಲುವಿನ ಸಾಧ್ಯತೆಗೆ ಒಂದು ಗಣಿತದ ಮಾದರಿ ಪ್ರಕಟಿಸಿದ್ದರು. ಅದನ್ನೇ ಬೆಳೆಸಿ ಬೆಂಟರ್ ಅಪಾರ ಹಣ ಮಾಡಿದ. ತನ್ನ ವಿಧಾನವನ್ನು 1994ರಲ್ಲಿ ಪ್ರಬಂಧವಾಗಿಯೂ ಬರೆದ.

— ಆ ಪ್ರಬಂಧದಲ್ಲಿ ನಿನ್ನ ಮನಸ್ಸು ಹಿಡಿದದ್ದು ಯಾವುದು?

— ಅವನ ಮಾದರಿ ಒಂದೇ ಅವನಿಗೆ ಸಾಲಲಿಲ್ಲ ಎಂಬುದು. ಅಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಟೋಟ್ ಬೋರ್ಡಿನಲ್ಲಿ ಜನ ಕಟ್ಟಿದ ಹಣದಿಂದ ಮೂಡುವ ಬೆಲೆಯಲ್ಲಿ ಅವನ ಕಂಪ್ಯೂಟರಿಗೆ ಗೊತ್ತಿಲ್ಲದ ತಿಳಿವಳಿಕೆ ಇತ್ತು. ಅದನ್ನು ಅವನು ತಳ್ಳಿಹಾಕಲಿಲ್ಲ. ತನ್ನ ಸಾಧ್ಯತೆ ಮತ್ತು ಜನರ ಸಾಧ್ಯತೆ ಎರಡನ್ನೂ ಬೆಸೆದು ಮೂರನೆಯದೊಂದನ್ನು ಮಾಡಿದ. ಗೆಲುವು ಸಿಕ್ಕಿದ್ದು ಅದರಿಂದ.

— ಇದನ್ನು ನಾನು ತುಂಬ ಗೌರವಿಸುತ್ತೇನೆ. ಸಾವಿರಾರು ಜನ, ಒಬ್ಬೊಬ್ಬರಿಗೆ ಒಂದೊಂದು ಚೂರು ಗೊತ್ತು. ಲಾಯದ ಹುಡುಗನಿಗೆ ಕುದುರೆ ಮೇವು ಬಿಟ್ಟದ್ದು ಗೊತ್ತು, ಪ್ಯಾಡಕ್ಕಿನಲ್ಲಿ ನಿಂತವನಿಗೆ ಅದು ಬೆವರುತ್ತಿರುವುದು ಕಾಣುತ್ತದೆ, ಇನ್ನೊಬ್ಬನಿಗೆ ಅದರ ತಾಯಿ ಮಳೆಗಾಲದಲ್ಲಿ ಹೇಗೆ ಓಡುತ್ತಿತ್ತು ಎಂಬ ನೆನಪು. ಇವೆಲ್ಲ ಸೇರಿ ಬೋರ್ಡಿನ ಮೇಲೆ ಒಂದು ಬೆಲೆಯಾಗಿ ನಿಲ್ಲುತ್ತವೆ. ಆ ಬೆಲೆಗೂ ಒಂದು ಚಾಳಿ ಇದೆ. ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲೇ ತೋರಿಸಿದ ಹಾಗೆ, ಗೆಲ್ಲುವ ಅವಕಾಶ ತೀರ ಕಡಿಮೆ ಇರುವ ಕುದುರೆಗಳ ಮೇಲೆ ಜನ ಬೇಕಾದ್ದಕ್ಕಿಂತ ಹೆಚ್ಚು ಕಟ್ಟುತ್ತಾರೆ, ಫೇವರಿಟ್‌ಗಳ ಮೇಲೆ ಬೇಕಾದ್ದಕ್ಕಿಂತ ಕಡಿಮೆ. ನಿನ್ನ ಶೀಟು ಪೈಪೋಟಿ ನಡೆಸುತ್ತಿರುವುದು ಕುದುರೆಗಳ ಜತೆಯಲ್ಲ, ಈ ಬೆಲೆಯ ಜತೆ. ಎಲ್ಲರಿಗೂ ಗೊತ್ತಿರುವ ಒಳ್ಳೆಯ ಕುದುರೆಯನ್ನು ನೀನೂ ಕಂಡುಹಿಡಿದರೆ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ.

— ಬೇಯರ್‌ಗೂ ಅದೇ ಆಯಿತಲ್ಲ. ಅಂಕಗಳು ಅವನೊಬ್ಬನ ಹತ್ತಿರ ಇದ್ದಾಗ ಅವಕ್ಕೆ ಬೆಲೆ ಇತ್ತು. ಪತ್ರಿಕೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದ ಮೇಲೆ ಹೆಚ್ಚು ಅಂಕದ ಕುದುರೆಗಳೇ ಫೇವರಿಟ್ ಆದವು. ಆದರೆ ಮಾವ, ನನ್ನ ಶೀಟು ಜನ ಕಾಣದ್ದನ್ನು ಕೆಲವು ಸಲ ಕಾಣುತ್ತದೆ. ಫಾಲ್ಸ್ ರೈಲಿನ ದಿನ, ತಿರುವಿನಲ್ಲಿ ಹೊರಗೆ ಓಡಿದ ಕುದುರೆ, ಇಂಥವು. ಅಂಥ ಕಡೆ ಮಾತ್ರ ಹಣ ಕಟ್ಟಿದರೆ?

— ಕೂತು ಲೆಕ್ಕ ಮಾಡೋಣ. ನಿನ್ನ ಶೀಟಿನ ಪ್ರಕಾರ ಗೆಲ್ಲುವ ಸಾಧ್ಯತೆ ನೂರಕ್ಕೆ 25 ಇರುವ ಕುದುರೆ. ನ್ಯಾಯವಾದ ಬೆಲೆ ಎಂದರೆ ನೂರಕ್ಕೆ ನಾನೂರು ಸಿಗಬೇಕು. ಜನ ತಪ್ಪಿದ್ದಾರೆ, ಐನೂರು ಸಿಗುತ್ತಿದೆ ಎಂದುಕೋ. ಇಷ್ಟು ದೊಡ್ಡ ತಪ್ಪು ಸಿಗುವುದೇ ಅಪರೂಪ. ನೂರು ಕಟ್ಟಿದರೆ ಸರಾಸರಿ ಎಷ್ಟು ಬರುತ್ತದೆ?

— 125.

— ಈಗ ತೆರಿಗೆ. 2021ರಲ್ಲಿ ಕರ್ನಾಟಕ ಹೈಕೋರ್ಟು, ಜಿಎಸ್‌ಟಿ ಹಾಕುವುದಿದ್ದರೆ ರೇಸ್ ಕ್ಲಬ್ಬಿನ ಕಮಿಷನ್ ಮೇಲೆ ಹಾಕಬೇಕು, ಕಟ್ಟಿದ ಪೂರ್ತಿ ಹಣದ ಮೇಲಲ್ಲ ಎಂದಿತ್ತು. ಆಮೇಲೆ ಕಾನೂನೇ ಬದಲಾಯಿತು. 2023ರ ಅಕ್ಟೋಬರ್ 1ರಿಂದ ಪೂರ್ತಿ ಮುಖಬೆಲೆಯ ಮೇಲೆ 28 ಪ್ರತಿಶತ, 2025ರ ಸೆಪ್ಟೆಂಬರ್ 22ರಿಂದ 40 ಪ್ರತಿಶತ. ನೂರು ರೂಪಾಯಿಯ ಬಾಜಿಗೆ ನಿನ್ನಿಂದ ಹೋಗುವುದು 140, ಬರುವುದು 125. ಗೆದ್ದದ್ದು 10,000 ರೂಪಾಯಿ ದಾಟಿದರೆ ಅದರಲ್ಲಿ 30 ಪ್ರತಿಶತ ವರಮಾನ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ, ಸೋತ ಬಾಜಿಗಳನ್ನು ಅದರಲ್ಲಿ ವಜಾ ಮಾಡಿಕೊಳ್ಳುವ ಹಾಗೂ ಇಲ್ಲ. ಬೆಂಟರ್‌ನಂಥವನನ್ನೇ ತಂದು ಇಲ್ಲಿ ಕೂರಿಸಿದರೂ ಈ ಲೆಕ್ಕ ದಾಟಲಾರ.

— ಹಾಂಗ್‌ಕಾಂಗ್‌ನಲ್ಲಿ ವಿನ್ ಬಾಜಿಯಿಂದ ಕ್ಲಬ್ಬು ಮುರಿದುಕೊಳ್ಳುತ್ತಿದ್ದುದು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಅಲ್ಲಿ ಮತ್ತೆ ಮತ್ತೆ ಓಡುವುದೂ ಹೆಚ್ಚುಕಡಿಮೆ ಅವೇ ಕುದುರೆಗಳು, ಹ್ಯಾಪಿ ವ್ಯಾಲಿ ಮತ್ತು ಶಾ ಟಿನ್ ಎರಡೇ ಕಡೆ ಓಟ, ಕಟ್ಟುವ ಹಣದ ರಾಶಿ ಬೆಟ್ಟದಷ್ಟು. ಅಲ್ಲಿ ನಡೆದದ್ದು ಇಲ್ಲಿ ನಡೆಯುತ್ತದೆ ಎನ್ನಲು ಆಧಾರವೇ ಇಲ್ಲ.

— ಇಲ್ಲ. ಆದ್ದರಿಂದ ನಾನು ನಿನಗೆ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಶೀಟು ಮಾಡು, ಹಣ ಕಟ್ಟಬೇಡ. ರೇಸ್ ಕೋರ್ಸ್ ರಸ್ತೆಯಲ್ಲಿ ಸಂಜೆ ಹೊತ್ತು ಹರಿದ ಟಿಕೆಟ್ ಹಿಡಿದು ಬಸ್ಸಿಗೆ ಚಿಲ್ಲರೆ ಹುಡುಕುವವರನ್ನು ನಾನು ಕಂಡಿದ್ದೇನೆ. ಸಂಬಳದ ದಿನ ಒಳಗೆ ಹೋದವರ ಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂಬುದೂ ಗೊತ್ತು. ಅವರಲ್ಲಿ ಬಹಳ ಜನಕ್ಕೆ ಕುದುರೆಗಳ ಬಗ್ಗೆ ನಿನ್ನ ಶೀಟಿಗಿಂತ ಹೆಚ್ಚು ಗೊತ್ತಿತ್ತು.

— ಹಣ ಕಟ್ಟದಿದ್ದರೆ ಇದೆಲ್ಲ ಯಾತಕ್ಕೆ ಎಂದು ಮನೆಯಲ್ಲಿ ಕೇಳುತ್ತಾರೆ.

— ಕ್ರಿಕೆಟ್ಟಿನ ಸರಾಸರಿಗಳನ್ನು ಬರೆದಿಟ್ಟುಕೊಳ್ಳುವ ಹುಡುಗನನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? 1973ರ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ 31 ಲೆಂಗ್ತ್‌ಗಳಿಂದ ಗೆದ್ದಿತು. ಅರ್ಧ ಶತಮಾನ ಕಳೆದರೂ ಆ ರೇಸಿನಲ್ಲಿ ಆ ಸಮಯವನ್ನು ಯಾವ ಕುದುರೆಯೂ ಮುಟ್ಟಿಲ್ಲ. ಅದು ಎಂಥ ಓಟ ಎಂದು ಪೂರ್ತಿಯಾಗಿ ಗೊತ್ತಾಗಬೇಕಾದರೆ ಲೆಂಗ್ತ್ ಎಂದರೇನು, ಪಾರ್ ಎಂದರೇನು, ಒಂದು ಸೆಕೆಂಡಿನ ಬೆಲೆ ಎಷ್ಟು ಎಂಬುದೆಲ್ಲ ತಿಳಿದಿರಬೇಕು. ಪ್ರಾಣಿಯೊಂದರ ಸಾಮರ್ಥ್ಯವನ್ನು ಸರಿಯಾಗಿ ಅಳೆಯುವುದು ಅದಕ್ಕೆ ತೋರುವ ಗೌರವ. ಮಳೆಯ ದಿನ 74.2ರಲ್ಲಿ ಗೆದ್ದ ಆ ಕುದುರೆಯನ್ನು ಜನ ಸಾಧಾರಣ ಎಂದು ಮರೆತುಬಿಡುತ್ತಾರೆ, ನಿನ್ನ ಶೀಟು ಮರೆಯುವುದಿಲ್ಲ. ನನಗೆ ಅಷ್ಟು ಸಾಕು.

— ನನಗೆ ಅಷ್ಟು ಸಾಲದು. 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ತೀರ್ಪು ಕೊಟ್ಟಿತು. ಕುದುರೆಯ ವಂಶ, ತರಬೇತಿ, ಹಿಂದಿನ ಓಟ, ಜಾಕಿಯ ಕೈಚಳಕ, ಇವನ್ನೆಲ್ಲ ತೂಗಿ ನೋಡುವುದು ಕೌಶಲ ಎಂಬುದೇ ಆ ತೀರ್ಪಿನ ಆಧಾರ. ಹಾಗಿದ್ದ ಮೇಲೆ ತೂಗುವುದಕ್ಕೆ ಬೇಕಾದ ಬಟ್ಟುಗಳು ಜನರ ಕೈಗೆ ಸಿಗಬೇಕು. ಹಾಂಗ್‌ಕಾಂಗ್ ಜಾಕಿ ಕ್ಲಬ್ ಪ್ರತಿ ಕುದುರೆಯ ಹಂತಹಂತದ ಸಮಯವನ್ನೂ ರೇಸಿನ ದಿನದ ಅದರ ಮೈತೂಕವನ್ನೂ ಎಲ್ಲರಿಗೂ ಬಿಟ್ಟಿಯಾಗಿ ಪ್ರಕಟಿಸುತ್ತದೆ.

— ಇಲ್ಲೂ ಹಾಗಾದರೆ ಬಾಜಿಯ ಹುಚ್ಚು ಇನ್ನೂ ಹೆಚ್ಚುತ್ತದೆ ಎಂಬ ಮಾತು ಬರಬಹುದು.

— ಕುರುಡಾಗಿ ಕಟ್ಟುವವರಿಗೆ ಅಂಕಿಅಂಶ ಬೇಕಿಲ್ಲ, ಅವರಿಗೆ ಟಿಪ್ಪು ಸಾಕು. ಲೆಕ್ಕ ನೋಡಿದವರೇ ಕೈ ಹಿಂದೆಗೆಯುವುದು. ನೀವು ಈಗ ನನಗೆ 140 ಕೊಟ್ಟು 125 ಪಡೆಯುವ ಲೆಕ್ಕ ತೋರಿಸಿದಿರಲ್ಲ, ಯಾರ ಉಪದೇಶವೂ ನನಗೆ ಅಷ್ಟು ನಾಟುತ್ತಿರಲಿಲ್ಲ. ಕ್ಲಬ್ಬುಗಳು ಪ್ರತಿ 200 ಮೀಟರ್‌ಗೆ ಎಲ್ಲ ಕುದುರೆಗಳ ಸಮಯ, ಫಾಲ್ಸ್ ರೈಲು ಎಷ್ಟು ಮೀಟರ್, ನೆಲದ ಗಟ್ಟಿತನ ತೋರಿಸುವ ಪೆನಿಟ್ರೋಮೀಟರ್ ಅಳತೆ, ಕುದುರೆಯ ಮೈತೂಕ, ಇಷ್ಟನ್ನು ಶೀಟಿಗೆ ನೇರವಾಗಿ ಇಳಿಸಿಕೊಳ್ಳುವ ರೂಪದಲ್ಲಿ, ಹಳೆಯ ಸೀಸನ್ನುಗಳದ್ದನ್ನೂ ಸೇರಿಸಿ, ಎಲ್ಲರಿಗೂ ಬಿಟ್ಟಿಯಾಗಿ ಕೊಡಬೇಕು. ಬೆಂಗಳೂರು ಮೈಸೂರು ಎರಡೂ ಕಡೆ.

— ಹಾಗೇ ಬರೆದು ಕಳಿಸು, ಸಹಿ ನಾನೂ ಹಾಕುತ್ತೇನೆ. ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಫಾಲ್ಸ್ ರೈಲು ಹಾಕಿದ ದಿನಗಳ ಪಟ್ಟಿ ಇದೆ. ಅದನ್ನು ಬೇಕಾದವರಿಗೆಲ್ಲ ಕೊಡು.